ಯಾರೂ ಓಡದ ನೂರು ಮೀಟರ್

(ಮೈಸೂರಿನಲ್ಲಿ ಭಾನುವಾರದ ಓಟಗಾರರ ಗುಂಪೊಂದರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರೂ ಬೆಳಿಗ್ಗೆಯೇ ಓಡಿ, ಇಡ್ಲಿ ತಿಂದು ಬಂದು ಕೂತಿದ್ದೀರಿ. ಕಣ್ಣು ಎಳೆಯುತ್ತಿರುತ್ತದೆ, ಗೊತ್ತು. ಅದಕ್ಕೇ ಜಗಳದಿಂದಲೇ ಶುರು ಮಾಡುತ್ತೇನೆ.

ನಾನು ಕಾರ್ಕಳದ ಕಡೆಯವನು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಗುಡ್ ಮಾರ್ನಿಂಗ್ ಹೂವು, ಇಲ್ಲಾ ಅಡಿಕೆ ರೇಟು. 2020ರ ಫೆಬ್ರವರಿಯಲ್ಲಿ ಒಂದು ದಿನ ಉಸೇನ್ ಬೋಲ್ಟ್ ಬಂದ. ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯಲ್ಲಿ, ಅಂದರೆ ಕೋಣ ಓಡಿಸುವ ಕೆಸರಿನ ಓಣಿಯಲ್ಲಿ, 13.62 ಸೆಕೆಂಡಿಗೆ ಗುರಿ ಮುಟ್ಟಿದ್ದರು. ಯಾರೋ ಪುಣ್ಯಾತ್ಮರು ಕೂತು ಭಾಗಾಕಾರ ಮಾಡಿದರು. ನೂರು ಮೀಟರಿಗೆ 9.55 ಬಂತು. ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಮುಗೀತಲ್ಲ! ಬರಿಗಾಲಲ್ಲಿ, ಕೆಸರಲ್ಲಿ, ಕೋಣಗಳ ಹಿಂದೆ ಓಡಿ ನಮ್ಮೂರಿನವರು ವಿಶ್ವದಾಖಲೆ ಮುರಿದುಬಿಟ್ಟರು.

ಸುದ್ದಿ ದೆಹಲಿಗೂ ಮುಟ್ಟಿತು. ಆಗಿನ ಕ್ರೀಡಾ ಸಚಿವರು ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕ್‌ನಲ್ಲಿ ಕಾಲ್ಬೆರಳಿನ ಮೇಲೆ ಓಡಬೇಕು, ನಮ್ಮಲ್ಲಿ ಕೋಣಗಳ ಪಾಲೂ ಇದೆ ಎಂದು ಹೇಳಿದರು. ಅಷ್ಟು ದಿನದ ಗದ್ದಲದಲ್ಲಿ ಎಲ್ಲರಿಗಿಂತ ಸರಿಯಾದ ಮಾತು ಆಡಿದ್ದು ಓಡಿದ ಮನುಷ್ಯನೇ. ನಮ್ಮ ಗುಂಪಿನ ಮಾವಂದಿರು ಮಾತ್ರ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ಕ್ಕೆ ಓಡಿದಾಗ ಇನ್ನೊಂದು ಭಾಗಾಕಾರ, ಇನ್ನೊಂದು ವಿಶ್ವದಾಖಲೆ.

ನಾನು ಆಗ ಕ್ಯಾಲ್ಕುಲೇಟರ್ ಹಿಡಿದು ಕೂತೆ. 13.62ನ್ನು 1.425ರಿಂದ ಭಾಗಿಸಿದರೆ 9.557 ಚಿಲ್ಲರೆ. ಅಥ್ಲೆಟಿಕ್ಸ್‌ನಲ್ಲಿ ಚಿಲ್ಲರೆ ಉಳಿದರೆ ಮೇಲಕ್ಕೇ ಏರಿಸುತ್ತಾರೆ. ಅಂದರೆ 9.56. ಭಾಗಾಕಾರವೇ ತಪ್ಪು! ನೂರನೇ ಒಂದು ಸೆಕೆಂಡ್ ತಾನೇ, ಬಿಡಿ ಮಾರಾಯ್ರೇ ಅಂತ ಮಾವ ಬೈದರು. ಹೇಗೆ ಬಿಡುವುದು? 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ ಅವರ 55.42ಕ್ಕೂ ಕಂಚಿನ ಪದಕದ 55.41ಕ್ಕೂ ನಡುವೆ ಇದ್ದದ್ದು ಅಷ್ಟೇ.

ತಮಾಷೆ ಅದಲ್ಲ. ಅದೇ ಭಾಗಾಕಾರವನ್ನು ಬೋಲ್ಟ್‌ಗೂ ಮಾಡಿ ನೋಡಿ. 2009ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರ್ ಪಟ್ಟಣದ ಬೀದಿಯೊಂದರಲ್ಲಿ ಟ್ರ್ಯಾಕ್ ಹಾಸಿ, ನೇರ 150 ಮೀಟರ್ ಓಡಿಸಿದರು. ಬೋಲ್ಟ್ 14.35ಕ್ಕೆ ಮುಗಿಸಿದ. ನಮ್ಮ ಮಾವನ ಲೆಕ್ಕದಲ್ಲಿ ನೂರು ಮೀಟರಿಗೆ 9.57. ಆದರೆ ಆವತ್ತು ಕೊನೆಯ ನೂರು ಮೀಟರಿಗೆ ಅವನು ನಿಜವಾಗಿ ತೆಗೆದುಕೊಂಡದ್ದು 8.70 ಸೆಕೆಂಡ್! ಮೊದಲ ಐವತ್ತು ಮೀಟರ್ ನಿಧಾನ, ಆಮೇಲಿನ ನೂರು ಬಿರುಸು. ನಿಂತಲ್ಲಿಂದ ಎದ್ದು ವೇಗ ಹಿಡಿಯುವುದಕ್ಕೇ ಸಮಯ ಹೋಗುತ್ತದೆ. ಬರ್ಲಿನ್‌ನ 9.58ರಲ್ಲೂ ಮೊದಲ ಹತ್ತು ಮೀಟರಿಗೆ 1.89 ಸೆಕೆಂಡ್ ಹೋಯಿತು. ವೇಗ ತುಂಬಿದ ಮೇಲೆ ಹತ್ತು ಮೀಟರಿಗೆ 0.81 ಸಾಕಾಯಿತು. ಆರಂಭದ ಈ ಖರ್ಚನ್ನು ನೂರರಲ್ಲೂ ಒಂದೇ ಸಲ ಕೊಡಬೇಕು, ನೂರೈವತ್ತರಲ್ಲೂ ಒಂದೇ ಸಲ. ಬಸ್ಸಿನ ಮಿನಿಮಮ್ ಚಾರ್ಜ್ ಇದ್ದ ಹಾಗೆ. ದೂರ ಜಾಸ್ತಿ ಆದಷ್ಟೂ ಮೀಟರಿಗೆ ಬೀಳುವ ದರ ಇಳಿಯುತ್ತದೆ. ಒಂದು ಮಟ್ಟದ ತನಕ ಅಷ್ಟೇ, ಆಮೇಲೆ ಸುಸ್ತು ಬಂದು ಮತ್ತೆ ಏರುತ್ತದೆ.

ಹಾಗಾಗಿ ಆ 9.55 ಇದೆಯಲ್ಲ, ಅದು ಯಾರೂ ಓಡದ ನೂರು ಮೀಟರ್. ಗೌಡರು 142.5 ಓಡಿದರು. ಬೋಲ್ಟ್ ನೂರು ಓಡಿದ. ನಾವು ವಾಟ್ಸಾಪ್‌ನಲ್ಲಿ ಮೂರನೆಯ ಓಟವೊಂದನ್ನು ಕಟ್ಟಿ, ಇಬ್ಬರನ್ನೂ ಅಲ್ಲಿ ನಿಲ್ಲಿಸಿ, ಸೀಟಿ ಹೊಡೆದೆವು.

ಇದು ನಮ್ಮ ಹಳ್ಳಿ ಜನರ ದಡ್ಡತನ ಅಂದುಕೊಳ್ಳಬೇಡಿ. ಅಮೆರಿಕದವರು ಇದನ್ನೇ ಕೋಟು ಹಾಕಿಕೊಂಡು ಮಾಡಿದ್ದಾರೆ. 1996ರ ಅಟ್ಲಾಂಟಾ ಒಲಿಂಪಿಕ್ಸ್. ಕೆನಡಾದ ಡೊನೊವನ್ ಬೇಲಿ ನೂರು ಮೀಟರನ್ನು 9.84ಕ್ಕೆ ಓಡಿ ವಿಶ್ವದಾಖಲೆ ಮಾಡಿದ. ಕೆಲವು ದಿನ ಕಳೆದು ಅಮೆರಿಕದ ಮೈಕೆಲ್ ಜಾನ್ಸನ್ ಇನ್ನೂರನ್ನು 19.32ಕ್ಕೆ ಓಡಿದ. ಟಿವಿಯಲ್ಲಿ ಭಾಗಾಕಾರ ಶುರುವಾಯಿತು. 19.32ರ ಅರ್ಧ 9.66, ಹಾಗಾದರೆ ಜಗತ್ತಿನ ಅತಿ ವೇಗದ ಮನುಷ್ಯ ನಮ್ಮ ಜಾನ್ಸನ್ ಎಂದರು. ನೂರು ಮೀಟರ್ ಗೆದ್ದವನಿಗೆ ತಲತಲಾಂತರದಿಂದ ಸಿಗುತ್ತಿದ್ದ ಬಿರುದು ಅದು. ಕೆನಡಾದವರು ಕೆಂಡವಾದರು.

ಜಗಳ ತೀರಿಸಲು 1997ರ ಜೂನ್ 1ರಂದು ಟೊರಾಂಟೊದಲ್ಲಿ ಇಬ್ಬರನ್ನೇ ಓಡಿಸಿದರು. ಒಬ್ಬನದು ನೂರು, ಇನ್ನೊಬ್ಬನದು ಇನ್ನೂರು, ಅದಕ್ಕೆ ನಡುವೆ ನೂರೈವತ್ತು. ಅರ್ಧ ತಿರುವು, ಅರ್ಧ ನೇರ. ದುಡ್ಡೂ ಸಿಕ್ಕಾಪಟ್ಟೆ. ಏನಾಯಿತು ಗೊತ್ತಾ? ದಾರಿಯಲ್ಲಿ ಜಾನ್ಸನ್ ತೊಡೆ ಹಿಡಿದುಕೊಂಡು ನಿಂತುಬಿಟ್ಟ. ಬೇಲಿ 14.99ಕ್ಕೆ ಮುಗಿಸಿದ. ಎದುರಾಳಿಯ ಗಾಯವನ್ನೂ ನಂಬದೆ ಅಣಕಿಸಿದ, ಆಮೇಲೆ ಕ್ಷಮೆ ಕೇಳಿದ. ವಾದ ತೀರಿತಾ? ಇಲ್ಲ. ಇವತ್ತಿಗೂ ಒಂದು ಕಡೆಯವರು ಬೇಲಿ ಮುಂದೆ ಇದ್ದ ಅನ್ನುತ್ತಾರೆ. ಇನ್ನೊಂದು ಕಡೆಯವರು ಜಾನ್ಸನ್‌ಗೆ ಪೆಟ್ಟಾಗದಿದ್ದರೆ ಅನ್ನುತ್ತಾರೆ. ನಿಜವಾದ ಓಟ ಕಟ್ಟಿದ ಮೇಲೂ ಜನ ಓಡದ ಓಟವನ್ನೇ ಹಿಡಿದುಕೊಂಡರು.

ಟೈಮು ಎನ್ನುವುದು ವಿಚಿತ್ರ ವಸ್ತು. ಯಾರು ಮುಂದೆ ಬಂದರು ಎನ್ನುವುದು ಆ ದಿನ, ಆ ಜಾಗಕ್ಕೆ ಅಂಟಿಕೊಂಡಿರುತ್ತದೆ. ಟೈಮು ಹಾಗಲ್ಲ. ಕಿತ್ತು ಜೇಬಿಗೆ ಹಾಕಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಒಯ್ಯುವಾಗ ಗಾಳಿ, ಇಳಿಜಾರು, ಶೂ, ಜೊತೆಗೆ ಓಡಿದವರು, ಇವೆಲ್ಲ ದಾರಿಯಲ್ಲೇ ಉದುರಿ ಹೋಗುತ್ತವೆ. ಅಭಿಮಾನಿಗಳ ಜಗಳ ಅಂದರೆ ಉದುರಿದ್ದನ್ನು ಹೆಕ್ಕಿ ತಂದು ಮೇಜಿನ ಮೇಲೆ ಹಾಕುವ ಕೆಲಸ. ಸುಮ್ನೆ ಕಾಲಹರಣ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ.

ಶಾಲೆಯಲ್ಲಿದ್ದಾಗ ನಾನು ನೂರು ಮೀಟರ್ 11.4ಕ್ಕೆ ಓಡಿದ್ದೆ. ಇದನ್ನು ಹೆಂಡತಿಗೆ ಇಪ್ಪತ್ತು ವರ್ಷ ಹೇಳಿದ್ದೇನೆ. ಆಮೇಲೆ ಗೊತ್ತಾಯಿತು, ನಮ್ಮ ಪಿ.ಟಿ. ಮಾಸ್ಟ್ರು ಸೀಟಿಯ ಸದ್ದು ಕೇಳಿದ ಮೇಲೆ ಗುಂಡಿ ಒತ್ತುತ್ತಿದ್ದರು, ನಾನು ಗೆರೆ ಮುಟ್ಟುವ ಮೊದಲೇ ಮತ್ತೆ ಒತ್ತುತ್ತಿದ್ದರು. ಪ್ರೀತಿಯಿಂದಲೇ. ಕೈಯಲ್ಲಿ ಹಿಡಿದ ಟೈಮನ್ನು ಎಲೆಕ್ಟ್ರಾನಿಕ್ ಟೈಮಿನ ಜೊತೆ ಹೋಲಿಸಬೇಕಾದರೆ 0.24 ಸೆಕೆಂಡ್ ಸೇರಿಸುವ ರೂಢಿ ಇದೆ. ಮೈದಾನದ ಇಳಿಜಾರಿಗೆ ಎಷ್ಟು ಸೇರಿಸಬೇಕೋ, ಅದನ್ನು ಹೆಂಡತಿಗೆ ಹೇಳಿಲ್ಲ.

ಗಾಳಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆ ಇಲ್ಲ. 1988ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫ್ಲೋರೆನ್ಸ್ ಗ್ರಿಫಿತ್ ಜಾಯ್ನರ್ ಮಹಿಳೆಯರ ನೂರು ಮೀಟರನ್ನು 10.49ಕ್ಕೆ ಓಡಿದಾಗ ಗಾಳಿಯ ಮಾಪಕ ಸೊನ್ನೆ ತೋರಿಸಿತು. ಅದೇ ಹೊತ್ತಿಗೆ ಪಕ್ಕದ ಟ್ರಿಪಲ್ ಜಂಪ್ ಮಾಪಕದಲ್ಲಿ 4.3 ಇತ್ತು. ಒಂದೇ ಮೈದಾನ! ದಾಖಲೆ ಪುಸ್ತಕದಲ್ಲಿ ಉಳಿಯಿತು, ಅಭಿಮಾನಿಗಳ ಮನಸ್ಸಿನಲ್ಲಿ ಉಳಿಯಲಿಲ್ಲ. ನನ್ನ ಪಕ್ಷ ಕೇಳಿದರೆ, ಮಾಪಕ ಕೆಟ್ಟಿತ್ತು ಅಂತಲೇ ನನ್ನ ನಂಬಿಕೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನೀವೆಲ್ಲ ದೂರ ಓಡುವವರು.

ಬೆಂಗಳೂರಿನಲ್ಲಿ ಯಾವುದೇ 10 ಕಿಲೋಮೀಟರ್ ಓಟ ಮುಗಿಯಲಿ, ಗೆರೆ ದಾಟಿದ ಜನ ಮೊದಲು ನೀರು ಕೇಳುವುದಿಲ್ಲ. ವಾಚು ನೋಡುತ್ತಾರೆ. "ನಂದು 10.28 ತೋರಿಸ್ತಿದೆ, ಇವರು ಅಳತೆ ಸರಿಯಾಗಿ ಮಾಡಿಲ್ಲ!" ನಾನೂ ಒಮ್ಮೆ ಹೀಗೆ ಆಯೋಜಕರ ಹುಡುಗನೊಬ್ಬನ ಮೇಲೆ ರೇಗಿದ್ದೆ. ಪಾಪ, ಅವನು ಬಾಳೆಹಣ್ಣು ಹಂಚುತ್ತಿದ್ದ. ಆಮೇಲೆ ತಿಳಿದುಕೊಂಡೆ. ಅಧಿಕೃತ ರಸ್ತೆ ಓಟದ ದಾರಿಯನ್ನು ಅಳೆಯುವುದು ಸೈಕಲ್ಲಿನಲ್ಲಿ. ಚಕ್ರಕ್ಕೆ ಒಂದು ಎಣಿಕೆಯ ಯಂತ್ರ ಕಟ್ಟಿ, ಓಡಲು ಸಾಧ್ಯವಿರುವ ಅತಿ ಹತ್ತಿರದ ಗೆರೆಯಲ್ಲಿ, ತಿರುವುಗಳನ್ನು ಸವರಿಕೊಂಡೇ ಹೋಗುತ್ತಾರೆ. ಅದರ ಮೇಲೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚುವರಿ ಸೇರಿಸುತ್ತಾರೆ, ಕಡಿಮೆ ಬೀಳಬಾರದು ಅಂತ. ನಾವು ಆ ಗೆರೆಯಲ್ಲಿ ಓಡುತ್ತೇವಾ? ಜನರನ್ನು ದಾಟುತ್ತಾ, ನೀರಿನ ಮೇಜಿನ ಕಡೆ ವಾಲುತ್ತಾ, ಫೋಟೋದವನನ್ನು ಕಂಡರೆ ಆ ಕಡೆಗೇ ತಿರುಗುತ್ತಾ ಓಡುತ್ತೇವೆ. ಅದರ ಮೇಲೆ ಎತ್ತರದ ಕಟ್ಟಡಗಳ ಮಧ್ಯೆ ವಾಚು ತಾನೇ ದಾರಿ ತಪ್ಪಿರುತ್ತದೆ.

ಹಾಗಂತ ಅಳತೆಯ ಬಗ್ಗೆ ಸಂಶಯ ಪಡುವುದು ತಪ್ಪಲ್ಲ. 1981ರಲ್ಲಿ ನ್ಯೂಯಾರ್ಕ್‌ನಲ್ಲಿ ಆಲ್ಬರ್ಟೊ ಸಲಜಾರ್ 2:08:13ಕ್ಕೆ ಮ್ಯಾರಥಾನ್ ಮುಗಿಸಿ ಜಗತ್ತಿನ ಅತ್ಯುತ್ತಮ ಟೈಮು ಎನಿಸಿಕೊಂಡ. ಆಮೇಲೆ ಮತ್ತೆ ಅಳೆದರೆ ದಾರಿ ಸುಮಾರು 148 ಮೀಟರ್ ಕಡಿಮೆ ಇತ್ತು. ಇನ್ನೂ ತಮಾಷೆ ಅಂದರೆ, ಅವನು ಮುರಿದದ್ದು 1969ರಲ್ಲಿ ಆಂಟ್ವರ್ಪ್‌ನಲ್ಲಿ ಡೆರೆಕ್ ಕ್ಲೇಟನ್ ಮಾಡಿದ ದಾಖಲೆಯನ್ನು. ಅಲ್ಲಿನ ಅಳತೆಯ ಮೇಲೂ ಮೊದಲಿನಿಂದ ಸಂಶಯ ಇತ್ತು.

ನಮ್ಮ ದೇಶದ್ದೇ ಒಂದು ಇದೆ. ಬಿಹಾರದ ಶಿವನಾಥ್ ಸಿಂಗ್, 1978, ಜಲಂಧರ್, 2:12:00. ಬರಿಗಾಲಲ್ಲಿ ಓಡುತ್ತಿದ್ದ ಮನುಷ್ಯ. ಆ ಟೈಮನ್ನು ನಲವತ್ತು ವರ್ಷ ಕಳೆದರೂ ಭಾರತದ ಯಾರೂ ಮುಟ್ಟಲಿಲ್ಲ. 2019ರಲ್ಲಿ ಸಿಯೋಲ್‌ನಲ್ಲಿ ಟಿ. ಗೋಪಿ ಓಡಿದ 2:13:39 ಕೂಡ ಅದಕ್ಕಿಂತ ಒಂದೂವರೆ ನಿಮಿಷ ಹಿಂದೆಯೇ. ಹೊಸ ಶೂ, ವಿದೇಶದ ತರಬೇತಿ, ಜೆಲ್ಲು, ಎಲ್ಲ ಬಂದರೂ ಹೀಗೆ. ಹಾಗಾದರೆ ಜಲಂಧರದ ದಾರಿ ಸರಿಯಾಗಿತ್ತಾ? ಈ ಪ್ರಶ್ನೆ ಎತ್ತಿದರೆ ಕೆಲವರಿಗೆ ಕೋಪ ಬರುತ್ತದೆ. ನಾನು ಉತ್ತರ ಕೊಡುವುದಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಕಡೆ ಬೆರಳು ತೋರಿಸುತ್ತೇನೆ. ಅಲ್ಲಿ ಶಿವನಾಥ್ ಸಿಂಗ್ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾಗಿ ಬಂದರು. ದಾರಿ ಉದ್ದವಿದ್ದರೆ ಎಲ್ಲರಿಗೂ ಉದ್ದ, ಗಿಡ್ಡವಿದ್ದರೆ ಎಲ್ಲರಿಗೂ ಗಿಡ್ಡ. ಜಗತ್ತಿನಲ್ಲಿ ಹನ್ನೊಂದನೆಯವರು ಎಂಬುದನ್ನು ಯಾವ ಟೇಪೂ ಕಿತ್ತುಕೊಳ್ಳಲಾರದು. ಟೈಮಿಗಿಂತ ಸ್ಥಾನವನ್ನು ನಾನು ಜಾಸ್ತಿ ನಂಬುವುದು ಇದಕ್ಕೇ.

ಬಾಸ್ಟನ್ ಮ್ಯಾರಥಾನಿನ ಕತೆ ಗೊತ್ತಿರಬಹುದು. 2011ರ ಏಪ್ರಿಲ್‌ನಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2:03:02 ಓಡಿದ. ಆಗಿನ ವಿಶ್ವದಾಖಲೆ ಇಥಿಯೋಪಿಯಾದ ಗೆಬ್ರಸೆಲಾಸಿಯ 2:03:59. ಹೆಚ್ಚುಕಡಿಮೆ ಒಂದು ನಿಮಿಷ ಮುಂದೆ! ದಾಖಲೆ ಅಂತ ಒಪ್ಪಲಿಲ್ಲ. ಬಾಸ್ಟನ್ ದಾರಿ ಒಂದು ಊರಿನಿಂದ ಹೊರಟು ಇನ್ನೊಂದು ಕಡೆ ಮುಗಿಯುತ್ತದೆ, ಒಟ್ಟು ಸುಮಾರು 140 ಮೀಟರ್ ಇಳಿಯುತ್ತದೆ. ನಿಯಮದ ಪ್ರಕಾರ ಕಿಲೋಮೀಟರಿಗೆ ಒಂದು ಮೀಟರ್ ಇಳಿಯಬಹುದು, ಅಂದರೆ 42 ಕಿಲೋಮೀಟರಿನ ಮ್ಯಾರಥಾನಿಗೆ 42 ಮೀಟರ್. ಹೊರಟ ಜಾಗಕ್ಕೂ ಮುಗಿಯುವ ಜಾಗಕ್ಕೂ ನೇರ ಅಂತರ ಓಟದ ಅರ್ಧಕ್ಕಿಂತ ಜಾಸ್ತಿ ಇರಬಾರದು. ಆವತ್ತು ಗಾಳಿಯೂ ಬೆನ್ನಿಗೆ ತಳ್ಳುತ್ತಿತ್ತು. ದಾರಿ ಒಂದೇ ದಿಕ್ಕಿಗೆ ಹೋಗುವುದರಿಂದ ತಳ್ಳುತ್ತಲೇ ಇತ್ತು.

ಬಾಸ್ಟನ್ ಅಭಿಮಾನಿಗಳು ಸುಮ್ಮನಿರುತ್ತಾರಾ? ಮೂವತ್ತು ಕಿಲೋಮೀಟರ್ ಹೊತ್ತಿಗೆ ಬರುವ ಏರುಗಳನ್ನು ನೀವೊಮ್ಮೆ ಹತ್ತಿ ನೋಡಿ ಎಂದರು. ಗಾಳಿಯಿಂದಲೇ ಬಂತು ಎಂದು ಇನ್ನೊಂದು ಗುಂಪು. ಮುಟಾಯ್ ವಾದ ಮಾಡಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಸೇತುವೆ, ದಿಬ್ಬಗಳಿರುವ ನ್ಯೂಯಾರ್ಕ್‌ನಲ್ಲಿ 2:05:06 ಓಡಿ ಅಲ್ಲಿನ ದಾಖಲೆ ಮುರಿದ. ಆ ದಾಖಲೆ 2023ರವರೆಗೆ ನಿಂತಿತು. ಬಾಸ್ಟನ್ನಿನ ಟೈಮು ಗಾಳಿಯದ್ದು ಇರಬಹುದು, ಓಟಗಾರ ಗಾಳಿಯಲ್ಲಿ ಬಂದವನಲ್ಲ ಅಂತ ಅವತ್ತು ನನಗೆ ಖಾತ್ರಿಯಾಯಿತು.

ಇಲ್ಲಿ ಯಾರೋ ಕಿಪ್ಚೋಗೆ ಅಂದಿರಿ. ಬರುತ್ತೇನೆ. 2019ರ ಅಕ್ಟೋಬರ್ 12, ವಿಯೆನ್ನಾದ ಪ್ರಾಟರ್ ಪಾರ್ಕ್. ಕೀನ್ಯಾದ ಕಿಪ್ಚೋಗೆ ಮ್ಯಾರಥಾನ್ ದೂರ ಓಡಿದ್ದು 1:59:40ಕ್ಕೆ. ನಾನು ಹಾಸಿಗೆಯಲ್ಲಿ ಎದ್ದು ಕೂತು ಮೊಬೈಲಿನಲ್ಲಿ ನೋಡಿದೆ. ಕೊನೆಯಲ್ಲಿ ಪೇಸರ್‌ಗಳು, ಅಂದರೆ ವೇಗ ಕಾಯ್ದುಕೊಡಲು ಜೊತೆಗೆ ಓಡುವವರು, ಬದಿಗೆ ಸರಿದು ಅವನನ್ನು ಒಬ್ಬನೇ ಮುಂದೆ ಬಿಟ್ಟಾಗ ಕಣ್ಣು ಒದ್ದೆಯಾಯಿತು. ಹತ್ತು ನಿಮಿಷದ ಮೇಲೆ ಗೆಳೆಯನ ಮೆಸೇಜು. "ಇದು ಓಟ ಅಲ್ಲ ಮಾರಾಯ, ಪ್ರಯೋಗ." ಅವನು ಹೇಳಿದ್ದೂ ನಿಜ. ಸರದಿಯ ಮೇಲೆ ಬಂದು ಹೋಗುವ 41 ಪೇಸರ್‌ಗಳು, ಗಾಳಿ ತಡೆಯಲು ಅವರ ವಿಶೇಷ ಜೋಡಣೆ, ಮುಂದೆ ಒಂದು ಕಾರು, ಅದರಿಂದ ರಸ್ತೆಯ ಮೇಲೆ ಬೀಳುವ ಲೇಸರ್ ಗೆರೆ, ಸೈಕಲ್ಲಿನಲ್ಲಿ ಬಂದು ಕೈಗೆ ಕೊಡುವ ನೀರು. ಎದುರಾಳಿ ಒಬ್ಬನೂ ಇಲ್ಲ. ದಾಖಲೆ ಪುಸ್ತಕಕ್ಕೆ ಸೇರುವ ಪ್ರಶ್ನೆಯೇ ಇರಲಿಲ್ಲ.

ಸಹಾಯ ಸಿಕ್ಕಿದ್ದು ತಪ್ಪಾ ಹಾಗಾದರೆ? ಇದಕ್ಕೆ ನನಗೆ ಮತ್ತೆ ಮಾಂಟ್ರಿಯಲ್ ನೆನಪಾಗುತ್ತದೆ. 1976ರ 800 ಮೀಟರ್ ಫೈನಲ್. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನಮ್ಮ ಶ್ರೀರಾಮ್ ಸಿಂಗ್. 400 ಮೀಟರನ್ನು 50.85ಕ್ಕೆ ದಾಟಿದರು. ಆ ಬಿರುಸಿನ ಹಿಂದೆ ಬಂದ ಕ್ಯೂಬಾದ ಹ್ವಾಂಟೊರೆನಾ 1:43.50ಕ್ಕೆ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದ. ಶ್ರೀರಾಮ್ ಸಿಂಗ್ ಏಳನೆಯವರು, 1:45.77. ಅವರನ್ನು ಯಾರೂ ಪೇಸರ್ ಅಂತ ದುಡ್ಡು ಕೊಟ್ಟು ಕರೆದಿರಲಿಲ್ಲ. ಗೆಲ್ಲಲಿಕ್ಕೇ ಓಡಿದರು. ಆದರೆ ಆ ವಿಶ್ವದಾಖಲೆಯ ಅರ್ಧ ಕೂಲಿ ಅವರಿಗೆ ಸೇರಬೇಕು ಎಂದು ನಾನು ಯಾವ ವೇದಿಕೆಯಲ್ಲಾದರೂ ವಾದಿಸುತ್ತೇನೆ. ಕೂಲಿಯೂ ಸ್ವಲ್ಪ ಸಿಕ್ಕಿತು ಅನ್ನಿ. ಏಳನೆಯವರಾಗಿ ಬಂದ ಆ ಟೈಮು ಭಾರತದ ದಾಖಲೆಯಾಗಿ 42 ವರ್ಷ ಉಳಿಯಿತು. 2018ರಲ್ಲಿ ಜಿನ್ಸನ್ ಜಾನ್ಸನ್ ಬಂದು ಮುರಿಯಬೇಕಾಯಿತು.

ವಿಯೆನ್ನಾದ ಲೇಸರ್ ಗೆರೆ ನನಗೆ ಅಷ್ಟಾಗಿ ಹಿಡಿಸದೇ ಇರುವುದು ಇದಕ್ಕೇ. ಗೆರೆಗೆ ಸುಸ್ತಾಗುವುದಿಲ್ಲ. ಗೆಲ್ಲುವ ಆಸೆಯೂ ಇಲ್ಲ.

ಶೂಗಳ ಜಗಳ ಬೇಡ ಅಂದುಕೊಂಡಿದ್ದೆ. ಮುಂದಿನ ಸಾಲಿನಲ್ಲಿ ಕೂತವರ ಕಾಲು ನೋಡಿದ ಮೇಲೆ ಬಿಡಲಾಗುತ್ತಿಲ್ಲ. 2017ರಲ್ಲಿ ನೈಕಿಯವರ ವೇಪರ್‌ಫ್ಲೈ ಅಂಗಡಿಗೆ ಬಂತು. ಹಗುರವಾದ, ಪುಟಿಯುವ ದಪ್ಪ ಫೋಮು, ಮಧ್ಯೆ ಕಾರ್ಬನ್ ತಟ್ಟೆ. ಶೇಕಡಾ 4ರಷ್ಟು ಶಕ್ತಿ ಉಳಿಯುತ್ತದೆ ಎಂಬ ಮಾತನ್ನು ಹೆಸರಿನಲ್ಲೇ ಇಟ್ಟಿದ್ದರು. 2003ರಲ್ಲಿ ಪೌಲಾ ರ‍್ಯಾಡ್‌ಕ್ಲಿಫ್ ಮಾಡಿದ ಮಹಿಳೆಯರ ಮ್ಯಾರಥಾನ್ ದಾಖಲೆ 2:15:25 ಹದಿನಾರು ವರ್ಷ ಅಲುಗಾಡಿರಲಿಲ್ಲ. ವಿಯೆನ್ನಾ ಓಟದ ಮಾರನೇ ದಿನವೇ ಷಿಕಾಗೊದಲ್ಲಿ ಬ್ರಿಜಿಡ್ ಕೊಸ್ಗೈ ಅಂಥದೇ ಶೂ ಹಾಕಿ 2:14:04 ಓಡಿದಳು. ಕೂಗಾಟ ಎದ್ದಿತು. 2020ರ ಜನವರಿಯಲ್ಲಿ ನಿಯಮ ಬಂತು. ರಸ್ತೆಯ ಶೂ ಅಟ್ಟೆ 40 ಮಿಲಿಮೀಟರ್ ದಾಟಬಾರದು, ತಟ್ಟೆ ಒಂದೇ ಇರಬೇಕು.

ನಿಯಮ ಬಂದದ್ದು ಕಾಗದದಲ್ಲಿ ಅಷ್ಟೇ ಅಂದುಕೊಂಡವರಿಗೆ 2021ರ ಸೆಪ್ಟೆಂಬರಿನಲ್ಲಿ ಅದೇ ವಿಯೆನ್ನಾದಲ್ಲಿ ಪಾಠ ಸಿಕ್ಕಿತು. ಇಥಿಯೋಪಿಯಾದ ಡೆರಾರಾ ಹುರಿಸಾ ಮ್ಯಾರಥಾನ್ ಗೆದ್ದ. ಶೂ ಅಳೆದರು. ಒಂದು ಸೆಂಟಿಮೀಟರ್ ದಪ್ಪ ಜಾಸ್ತಿ. ಗೆಲುವು ಹೋಯಿತು. ಮೂರು ಸೆಕೆಂಡ್ ಹಿಂದೆ ಬಂದಿದ್ದ ಲೆನಾರ್ಡ್ ಲಂಗಾಟ್ ವಿಜೇತನಾದ. ಸ್ಥಾನವನ್ನು ನಾನು ಜಾಸ್ತಿ ನಂಬುತ್ತೇನೆ ಅಂದೆನಲ್ಲ, ಇದನ್ನು ನೆನೆದಾಗ ಆ ಮಾತೂ ಸ್ವಲ್ಪ ಅಲುಗಾಡುತ್ತದೆ.

ಒಂದು ಜಗಳ ಮಾತ್ರ ನನಗೆ ರುಚಿಸುವುದಿಲ್ಲ. 2024ರಲ್ಲಿ ಷಿಕಾಗೊದಲ್ಲಿ ರುತ್ ಚೆಪ್ನ್‌ಗೆಟಿಚ್ 2:09:56 ಓಡಿದಳು. ಮರು ವರ್ಷ ಕೊಟ್ಟ ಮಾದರಿಯಲ್ಲಿ ನಿಷೇಧಿತ ಔಷಧ ಸಿಕ್ಕಿ ಮೂರು ವರ್ಷ ನಿಷೇಧಕ್ಕೆ ಒಳಗಾದಳು. ಷಿಕಾಗೊ ಓಟ ಅದಕ್ಕಿಂತ ಮೊದಲಿನದು, ಹಾಗಾಗಿ ಆ ಟೈಮನ್ನು ಅಳಿಸಲಿಲ್ಲ. ಗಾಳಿ, ಇಳಿಜಾರಿನ ಬಗ್ಗೆ ರಾತ್ರಿಯಿಡೀ ವಾದ ಮಾಡಿ ಕೊನೆಗೆ ಜೊತೆಗೆ ಚಹಾ ಕುಡಿಯಬಹುದು. ಇದರಲ್ಲಿ ಹಾಗಾಗುವುದಿಲ್ಲ. ಹತ್ತು ನಿಮಿಷದಲ್ಲಿ ಎಲ್ಲರ ಮುಖ ಸಪ್ಪೆಯಾಗುತ್ತದೆ. ಆಮೇಲೆ ಯಾರು ಚೆನ್ನಾಗಿ ಓಡಿದರೂ ಕಣ್ಣು ಕಿರಿದು ಮಾಡಿ ನೋಡುವ ಅಭ್ಯಾಸ ಬಂದುಬಿಡುತ್ತದೆ. ನನಗೂ ಬಂದಿದೆ. ಬಂದದ್ದಕ್ಕೆ ಬೇಜಾರೂ ಇದೆ.

ಸರಿ, ಪ್ರಶ್ನೆಗಳಿಗೆ ಸಮಯ ಬಿಡಬೇಕು.

ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ ಬಂತು. ಹುಡುಗನೊಬ್ಬ ಎದ್ದು ನಿಂತು ಕೇಳಿದ. "ಸರ್, ಅದೆಲ್ಲ ಇರಲಿ. ಗೌಡ್ರಾ, ಬೋಲ್ಟಾ? ಒಂದು ಹೆಸರು ಹೇಳಿ."

ಟ್ರ್ಯಾಕ್‌ನಲ್ಲಿ ಆದರೆ ಬೋಲ್ಟ್, ಅದರಲ್ಲಿ ವಾದವೇ ಇಲ್ಲ ಅಂದೆ. ಬೋಲ್ಟ್ ಕೈಗೆ ಹಗ್ಗ ಕೊಟ್ಟು ಕರೆಗೆ ಇಳಿಸಿದರೆ ಮೊದಲ ಹೆಜ್ಜೆಗೇ ಮುಗ್ಗರಿಸುತ್ತಾನೆ, ಅಲ್ಲಿ ಗೌಡರು ಅಂದೆ. ಎಲ್ಲರೂ ನಕ್ಕರು.

ಹಿಂದಿನ ಸಾಲಿನಲ್ಲಿ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ನಗಲಿಲ್ಲ. ಮಾತಿನಲ್ಲೇ ಗೊತ್ತಾಯಿತು, ನಮ್ಮ ಕಡೆಯವರು. ಕಂಬಳದ ಫಲಿತಾಂಶ ಓದುವಾಗ ಮೈಕಿನಲ್ಲಿ ಮೊದಲು ಬರುವುದು ಕೋಣಗಳ ಯಜಮಾನರ ಹೆಸರು, ಓಡಿಸಿದವರ ಹೆಸರು ಆಮೇಲೆ. ಅವರು ಕೂತಲ್ಲಿಂದಲೇ ಕೈ ಎತ್ತಿದರು.

"ಅದು ಹಾಗೆ ಹೇಳಲಿಕ್ಕೆ ಬರುವುದಿಲ್ಲ ಮಾರಾಯ್ರೇ. ಕೋಣ ಯಾರ ಮನೆಯದ್ದು, ಅದು ಮೊದಲು ಹೇಳಿ."